ಊದಿದರೆ ಆರುವುದೂ ಉಂಟು, ಹೊತ್ತುವುದೂ ಉಂಟು



ಮಾಘ ಮಾಸದಲ್ಲಿ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಭಟ್ಕಳ, ಹೊನ್ನಾವರ, ಕುಮಟಾದ ದಂಡೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ದಿಗಂತದಿಂದ ನೆತ್ತಿಯ ಕಡೆಗೆ ಮೂರರಲ್ಲೊಂದು ಪಾಲು ಏರಿದಲ್ಲಿ ಸೆಂಟಾರಸ್ ಎ ಎಂಬ ಗೆಲಾಕ್ಸಿ ಇರುತ್ತದೆ. ಬರಿಗಣ್ಣಿಗೆ ದಕ್ಕುವಂಥದ್ದಲ್ಲ. ಚಂದ್ರನಿಲ್ಲದ ರಾತ್ರಿ ಒಳ್ಳೆಯ ಬೈನಾಕ್ಯುಲರ್ ಹಿಡಿದರೆ ಒಂದು ಮಸುಕು ಮಚ್ಚೆ, ಅಷ್ಟೆ. ಲಂಡನ್ನಿನವರಿಗೆ ಅದೂ ಇಲ್ಲ; ಅಲ್ಲಿ ಇದು ಮೂಡುವುದೇ ಇಲ್ಲ.

ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿಯ ನಡುವೆ ಐದಾರು ಕೋಟಿ ಸೂರ್ಯರಷ್ಟು ತೂಗುವ ಕಪ್ಪುಕುಳಿಯಿದೆ. ಅದರತ್ತ ಸುತ್ತುತ್ತ ಬರುವ ದ್ರವ್ಯವೆಲ್ಲ ಒಳಗೆ ಬೀಳುವುದಿಲ್ಲ. ಒಂದಿಷ್ಟು ಭಾಗ ಎರಡು ಎದುರು ದಿಕ್ಕಿಗೆ ಭಾರೀ ವೇಗದಲ್ಲಿ ಚಿಮ್ಮುತ್ತದೆ. ಇದೇ ಜೆಟ್. ರೇಡಿಯೊ ಅಲೆಗಳು ನಮ್ಮ ಕಣ್ಣಿಗೆ ಕಾಣುವಂತಿದ್ದರೆ, ಈ ಜೆಟ್‌ಗಳು ಉಬ್ಬಿಸಿದ ಮೋಡಗಳು ಆಕಾಶದಲ್ಲಿ ಹದಿನಾರು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು ಉದ್ದ ಕಾಣುತ್ತಿದ್ದವು.

ನಕ್ಷತ್ರ ಹುಟ್ಟಲು ಬೇಕಾದದ್ದು ತಣ್ಣನೆಯ, ದಟ್ಟ ಅನಿಲ. ಜೆಟ್ ಸಾಮಾನ್ಯವಾಗಿ ಮಾಡುವುದು ಅದಕ್ಕೆ ತದ್ವಿರುದ್ಧ: ಕಾಯಿಸುತ್ತದೆ, ಚದುರಿಸುತ್ತದೆ, ಹುಟ್ಟನ್ನೇ ನಿಲ್ಲಿಸುತ್ತದೆ. ಆದರೆ ಅದೇ ಬಾಯಿಗಾಳಿಗೆ ದೀಪ ಆರುತ್ತದೆ, ಒಲೆಯ ಕೆಂಡ ಹೊತ್ತಿಕೊಳ್ಳುತ್ತದೆ. ಜೆಟ್‌ನ ದಾರಿಯಲ್ಲಿ ದಟ್ಟ ಮೋಡವೊಂದು ಸಿಕ್ಕಿದರೆ ಅದು ಒತ್ತಡಕ್ಕೆ ಸಿಲುಕಿ ಇನ್ನಷ್ಟು ದಟ್ಟವಾಗುತ್ತದೆ. ದಟ್ಟವಾದಷ್ಟೂ ಬೇಗ ಶಾಖ ಚೆಲ್ಲಿ ತಣಿಯುತ್ತದೆ. ಆಮೇಲಿನ ಕೆಲಸ ಗುರುತ್ವದ್ದು. ಮೋಡ ತನ್ನ ಭಾರಕ್ಕೇ ಕುಸಿದು ನಕ್ಷತ್ರಗಳಾಗುತ್ತದೆ.

ಸೆಂಟಾರಸ್ ಎ ಗೆಲಾಕ್ಸಿಯ ಉತ್ತರದ ಅಂಚಿನಲ್ಲಿ, ನಡುವಿನಿಂದ ಹತ್ತಾರು ಸಾವಿರ ಜ್ಯೋತಿರ್ವರ್ಷ ಆಚೆ, ಇಂಥ ಎಳೆಯ ನಕ್ಷತ್ರಗಳ ಎಳೆಯೊಂದಿದೆ. ಎಳೆಯ ನಕ್ಷತ್ರಗಳಲ್ಲಿ ದೊಡ್ಡವು ಬಲು ಬಿಸಿ; ಅವುಗಳ ಬೆಳಕಿನ ಹೆಚ್ಚು ಪಾಲು ಅತಿನೇರಳೆ. ಅದನ್ನು ವಾತಾವರಣ ತಡೆಯುವುದರಿಂದ ನೋಡಲು ಭೂಮಿಯಿಂದ ಮೇಲೇರಲೇಬೇಕು. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ದೂರದರ್ಶಕವಿದೆ. ಅದನ್ನು ಜೋಡಿಸಿದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಸೆಂಟಾರಸ್ ಎ ಗೆಲಾಕ್ಸಿಯ ಈ ಉತ್ತರದ ಎಳೆಯನ್ನೂ ಅದು ನೋಡಿದೆ.

ನಾಶವೇ ಸೃಷ್ಟಿ ಎಂದು ಇಲ್ಲಿ ಗಂಭೀರವಾಗಿ ಹೇಳಿಬಿಡಬಹುದಿತ್ತು.  ಆದರೆ ವಿಷಯ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಆ ಉತ್ತರದ ಎಳೆಯ ಅನಿಲದಲ್ಲಿ ನಕ್ಷತ್ರವಾಗುವುದು ತೀರಾ ಸ್ವಲ್ಪ. ಜೆಟ್ ಒಂದೇ, ಎದುರಿಗೆ ಸಿಕ್ಕಿದ್ದು ದಟ್ಟ ಮೋಡವೋ ತೆಳು ಅನಿಲವೋ ಎಂಬುದರ ಮೇಲೆ ಫಲ ಬೇರೆ.