ನಾನು ಹೋದ ಮೇಲೆ ಇವಳಿಗೆ ಯಾರು?

(ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣದ ಬರಹರೂಪ)



ನಮ್ಮ ಕಡೆ ಒಂದು ಗಾದೆ ಇದೆ. ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು. ಇದನ್ನು ಕೇಳಿ ನಾವೆಲ್ಲ ನಕ್ಕಿದ್ದೇವೆ. ಆದರೆ ಈ ಗಾದೆಯ ಎರಡನೆಯ ಅರ್ಧವನ್ನು ನಿಜವೆಂದು ನಂಬಿ ಮಗಳ ಬಾಳನ್ನೇ ಪಣಕ್ಕಿಟ್ಟ ಮನೆಗಳಿವೆ. ಅಂಥ ಒಂದು ಮನೆಯಲ್ಲೇ ನಾನು ಬೆಳೆದೆ.

ಅವಳು ನನ್ನ ದೊಡ್ಡಮ್ಮನ ಮಗಳು, ನನಗೆ ಅಕ್ಕ. ಕಸ ಗುಡಿಸುತ್ತಿದ್ದಳು, ನೀರು ಸೇದುತ್ತಿದ್ದಳು, ಮೇಕೆಗಳನ್ನು ಹೊಡೆದುಕೊಂಡು ಹೋಗಿ ಒಂದೂ ತಪ್ಪದಂತೆ ಕರೆತರುತ್ತಿದ್ದಳು. ದುಡ್ಡು ಎಣಿಸಲು ಬರುತ್ತಿರಲಿಲ್ಲ. ಮಾತು ನಿಧಾನ. ಇಪ್ಪತ್ತು ತುಂಬಿದಾಗ ನೆಂಟರಿಷ್ಟರೆಲ್ಲ ಒಂದೇ ಮಾತು ಹೇಳಿದರು: "ಮದ್ವೆ ಮಾಡ್ಬುಡಿ, ಎಲ್ಲಾ ಸರಿ ಹೋಯ್ತದೆ." ಅವಳ ತಂಗಿಗೆ ಕೊಟ್ಟದ್ದರ ಎರಡರಷ್ಟು ವರದಕ್ಷಿಣೆ ಕೊಟ್ಟು, ಅರ್ಧ ಎಕರೆ ಗದ್ದೆ ಮಾರಿ ಮದುವೆ ಮಾಡಿದರು. ಗಂಡಿನ ಕಡೆಯವರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಷ್ಟು ಕೇಳಿದ್ದರು. ಎಂಟನೆಯ ತಿಂಗಳಿಗೆ ಅಕ್ಕ ವಾಪಸು ಬಂದಳು. ಕಿವಿಯಲ್ಲಿ ಓಲೆ ಇರಲಿಲ್ಲ. ಮುಂಗೈಮೇಲೆ ಸುಟ್ಟ ಗಾಯವಿತ್ತು. ಠಾಣೆಯಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಎಂದು ಕೇಳಿದರು. ಅವಳಿಗೆ ದಿನ ಗೊತ್ತಿರಲಿಲ್ಲ, ಹೊತ್ತು ಗೊತ್ತಿರಲಿಲ್ಲ. "ಅತ್ತೆ ಸುಡ್ತು" ಎಂದಷ್ಟೇ ಹೇಳಿದಳು. ಅವರು ಏನನ್ನೂ ಬರೆದುಕೊಳ್ಳಲಿಲ್ಲ.

ದೊಡ್ಡಮ್ಮ ಸಾಯುವತನಕ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಾನು ಹೋದ ಮೇಲೆ ಇವಳಿಗೆ ಯಾರು?" ಈಗ ಯೋಚಿಸಿದರೆ ನನಗೆ ಅನಿಸುತ್ತದೆ, ಆ ಮದುವೆ, ಆ ವರದಕ್ಷಿಣೆ ಎಲ್ಲವೂ ಈ ಪ್ರಶ್ನೆಗೆ ಅವರಿಗೆ ಕಂಡ ಏಕೈಕ ಉತ್ತರವಾಗಿತ್ತು. ಮಗಳನ್ನು ನೋಡಿಕೊಳ್ಳುವ ಒಬ್ಬರನ್ನು ಗದ್ದೆ ಮಾರಿ ಕೊಂಡುಕೊಳ್ಳಲು ಹೊರಟಿದ್ದರು. ಊರಿನಲ್ಲಿ ಬೇರೆ ಆಸರೆ ಕಂಡಿದ್ದರೆ ಅವರು ಆ ಗದ್ದೆ ಮಾರುತ್ತಿರಲಿಲ್ಲ.

ವರದಕ್ಷಿಣೆ, ಹೊಡೆತ ಬಡಿತದ ವಿರುದ್ಧ ಮಾತಾಡುವ ವೇದಿಕೆಯಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದವರ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಈ ಕಾರಣಕ್ಕೇ.

ಮೊದಲು ಹೆಸರಿನ ವಿಚಾರ. ಪೆದ್ದಿ, ಮಂಕು, ಮೊದ್ದು, ಅರೆಹುಚ್ಚಿ ಎಂದೆಲ್ಲ ನಾವು ಕರೆಯುತ್ತೇವೆ. ಬುದ್ಧಿಮಾಂದ್ಯ ಎಂಬುದು ಕಚೇರಿಯ ಹಳೆಯ ಮಾತು. ಈಗ ಬೌದ್ಧಿಕ ಅಂಗವಿಕಲತೆ ಎನ್ನುತ್ತಾರೆ. ಇದು ಹುಚ್ಚಲ್ಲ. ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲಾದರೂ ಬರಬಹುದು, ಅದಕ್ಕೆ ಔಷಧವಿದೆ. ಇದು ಹುಟ್ಟಿನಿಂದ ಅಥವಾ ಎಳವೆಯಲ್ಲೇ ಬರುವ ಸ್ಥಿತಿ. ಕಲಿಯುವುದು ನಿಧಾನ, ಆದರೆ ಕಲಿಯುವುದಿಲ್ಲ ಎಂದಲ್ಲ. ಮದುವೆಯಿಂದ ಇದು ವಾಸಿಯಾಗುವುದಿಲ್ಲ. ಪೂಜೆಯಿಂದ, ತಾಯತದಿಂದಲೂ ವಾಸಿಯಾಗುವುದಿಲ್ಲ.

ಎರಡನೆಯದು, ಹೆತ್ತವಳ ಮೇಲೆ ಹೊರಿಸುವ ತಪ್ಪು. ಇಂಥ ಮಗು ಹುಟ್ಟಿದರೆ ಅತ್ತೆ ಮನೆಯವರು ಸೊಸೆಯ ಪಾಪ ಎನ್ನುತ್ತಾರೆ. ಗಂಡ ಇನ್ನೊಂದು ಮದುವೆಯ ಮಾತು ಎತ್ತುತ್ತಾನೆ. ಕಾರಣಗಳನ್ನು ನೀವು ತಿಳಿದಿರಬೇಕು. ಹೆರಿಗೆ ತಡವಾಗಿ ಮಗು ಅಳದೆ ಉಸಿರುಕಟ್ಟುವುದು, ಹುಟ್ಟಿದ ಕೂಸಿಗೆ ಕಾಮಾಲೆ ವಿಪರೀತಕ್ಕೆ ಹೋಗುವುದು, ಬಸುರಿಗೆ ಅಯೋಡಿನ್ ಸಾಲದಿರುವುದು, ಡೌನ್ಸ್ ಸ್ಥಿತಿಯಂಥ ಕ್ರೋಮೋಸೋಮಿನ ವ್ಯತ್ಯಾಸ, ಹೀಗೆ ಹಲವು. ಸೋದರಮಾವ, ಅತ್ತೆ ಮಗ ಎಂದು ರಕ್ತಸಂಬಂಧದಲ್ಲಿ ಮಾಡುವ ಮದುವೆಗಳಲ್ಲಿ ಅಪಾಯ ಹೆಚ್ಚು. ನಮ್ಮ ಮಂಡ್ಯ ಜಿಲ್ಲೆಗೆ ಇನ್ನೊಂದು ಕಾರಣವಿದೆ. ಇಲ್ಲಿನ ಗದ್ದೆ ಬಯಲಿನ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆಯಿಂದ ಹರಡುವ ಮೆದುಳು ಜ್ವರ. ಜಪಾನೀಸ್ ಎನ್‌ಸೆಫಲೈಟಿಸ್ ಎನ್ನುವ ಈ ಜ್ವರದಿಂದ ಬದುಕುಳಿದ ಎಷ್ಟೋ ಮಕ್ಕಳ ಮಾತು, ನಡಿಗೆ, ಬುದ್ಧಿ ಕುಂದುತ್ತದೆ. ಇದಕ್ಕೆ ಲಸಿಕೆ ಇದೆ, ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಹೇಳಿದ ದಿನ ತಪ್ಪಿಸಬೇಡಿ. ಈ ಪಟ್ಟಿಯಲ್ಲಿ ಹೆತ್ತವಳ ಪಾಪ ಎಂಬುದು ಎಲ್ಲೂ ಇಲ್ಲ ಎಂಬುದನ್ನು ಅತ್ತೆಯಂದಿರಾಗಿ ಇಲ್ಲಿ ಕುಳಿತಿರುವವರು ದಯವಿಟ್ಟು ಗಮನಿಸಿ.

ಇನ್ನು ಮದುವೆಯ ಮಾತು. ಇವರಿಗೆ ಮದುವೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಅರ್ಥ ಮಾಡಿಕೊಂಡು ಒಪ್ಪಬಲ್ಲವರಿಗೆ ಆ ಹಕ್ಕು ಉಂಟು. ಆದರೆ ಹೊಣೆ ಕಳಚಿಕೊಳ್ಳಲು ಮಾಡುವ ಮದುವೆಗೆ ಕಾನೂನಿನ ಆಸರೆಯೂ ತೆಳುವಾದದ್ದು. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ, ಹುಡುಗಿಗೆ ಒಪ್ಪಿಗೆ ಕೊಡುವಷ್ಟು ಬುದ್ಧಿ ಇರಲಿಲ್ಲ ಎಂದು ಗಂಡ ಕೋರ್ಟಿಗೆ ಹೋಗಿ ಮದುವೆ ರದ್ದು ಮಾಡಿಸಿಕೊಳ್ಳಲು ಅವಕಾಶವಿದೆ. ಚಿನ್ನ ತೆಗೆದುಕೊಳ್ಳುವಾಗ ಕಾಣದ ಕೊರತೆ ಬಿಟ್ಟುಬಿಡುವಾಗ ಕಾಣುತ್ತದೆ. ಅಂಗವಿಕಲರನ್ನು ಮದುವೆಯಾಗುವವರಿಗೆ ನಮ್ಮ ರಾಜ್ಯ ಸರ್ಕಾರ 50,000 ರೂಪಾಯಿ ಪ್ರೋತ್ಸಾಹಧನ ಇಟ್ಟಿದೆ. ಉದ್ದೇಶ ಒಳ್ಳೆಯದೇ. ಆದರೆ ಆ ಹಣದ ಮೇಲೆ ಕಣ್ಣಿಟ್ಟು ಬರುವ ಗಂಡನ್ನು ಗುರುತಿಸುವ ಕೆಲಸ ಸರ್ಕಾರದಿಂದ ಆಗದು, ಊರಿನ ಹೆಂಗಸರಿಂದ ಆಗಬೇಕು.

ಹೆಣ್ಣನ್ನು ನೋಡಿಕೊಳ್ಳುವುದು ಕಷ್ಟವೆಂದು ಅವಳ ದೇಹವನ್ನೇ ಕತ್ತರಿಸಿದ್ದೂ ಉಂಟು. 1994ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳನ್ನು ಪುಣೆಗೆ ಒಯ್ದು ಗರ್ಭಕೋಶ ತೆಗೆಸಿದರು. ಮುಟ್ಟಿನ ದಿನಗಳಲ್ಲಿ ಅವರನ್ನು ನಿಭಾಯಿಸುವುದು ಕಷ್ಟ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಅದು ನಿಂತಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ, ಅವಳ ಒಪ್ಪಿಗೆ ಇಲ್ಲದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಬಟ್ಟೆ ಬದಲಾಯಿಸುವುದನ್ನು ತಾಳ್ಮೆಯಿಂದ ಹೇಳಿಕೊಟ್ಟರೆ ಬಹಳಷ್ಟು ಹುಡುಗಿಯರು ಕಲಿಯುತ್ತಾರೆ. ನನ್ನ ಅಕ್ಕ ಕಲಿತಳು.

ಈಗ ನಾವು ಕುಳಿತಿರುವ ಜಾಗವನ್ನೇ ನೋಡಿ. ಈ ಬ್ಲಫ್‌ನ ಕೆಳಗೆ ಶಿವನಸಮುದ್ರದ ವಿದ್ಯುದಾಗಾರವಿದೆ. 1902ರ ಜೂನ್ 30ರಂದು ಇಲ್ಲಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಹೊತ್ತಿದವು. ಕಾವೇರಿ ಧುಮುಕಿದ್ದು ಇಲ್ಲಿ, ಆದರೆ ಸುತ್ತಲ ಹಳ್ಳಿಗಳ ಮನೆಗಳು ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ಕರೆಂಟು ಇತ್ತು, ಮನೆತನಕ ತಂತಿ ಎಳೆದಿರಲಿಲ್ಲ.

ಅಂಗವಿಕಲರ ಸೌಲಭ್ಯಗಳ ಕತೆಯೂ ಹೀಗೇ. ಪ್ರಮಾಣಪತ್ರ ಆಸ್ಪತ್ರೆಯಲ್ಲಿ, ಮಾಸಾಶನ ನಾಡಕಚೇರಿಯಲ್ಲಿ, ವಿಶೇಷ ಶಿಕ್ಷಕರು ಬಿ.ಆರ್.ಸಿ.ಯಲ್ಲಿ, ಪೋಷಕತ್ವದ ಆದೇಶ ಜಿಲ್ಲಾಧಿಕಾರಿಯ ಸಮಿತಿಯಲ್ಲಿ, ದೌರ್ಜನ್ಯದ ದೂರು ಇನ್ನೊಂದು ಇಲಾಖೆಯಲ್ಲಿ. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಇಲ್ಲ. ಇಷ್ಟನ್ನೂ ಸುತ್ತಬೇಕಾದವಳು ತಾಯಿ. ಮಗಳನ್ನು ಯಾರ ಬಳಿ ಬಿಟ್ಟು ಹೋಗಬೇಕು? ಆ ದಿನದ ಕೂಲಿ ಯಾರು ಕೊಡುತ್ತಾರೆ? ಈ ತಂತಿ ಎಳೆಯುವ ಕೆಲಸ ಸಂಘದ್ದು. ವಾರಕ್ಕೊಮ್ಮೆ ಸೇರುವವರು ನೀವು. ಯಾವ ಮನೆಯಲ್ಲಿ ಯಾರಿದ್ದಾರೆಂದು ಕಚೇರಿಗಿಂತ ಮೊದಲೇ ಗೊತ್ತಿರುವವರೂ ನೀವು. ಉಳಿತಾಯದ ಪುಸ್ತಕ ಬರೆಯುವ ಕೈ ಇನ್ನೊಂದು ಪುಸ್ತಕವನ್ನೂ ಬರೆಯಬಲ್ಲದು.

ಆ ಪುಸ್ತಕದಲ್ಲಿ ಪ್ರತಿ ಮನೆಗೆ ಒಂದು ಹಾಳೆ ಇರಲಿ. ಅದರಲ್ಲಿ ಐದು ಸಾಲು.

ಒಂದು, ಪ್ರಮಾಣಪತ್ರ. ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿ ಇಲ್ಲದೆ ಯಾವ ಬಾಗಿಲೂ ತೆರೆಯುವುದಿಲ್ಲ. ಅಂಗವಿಕಲತೆ ಶೇಕಡ 40ಕ್ಕೆ ಕಡಿಮೆಯಿಲ್ಲ ಎಂದು ವೈದ್ಯರು ಬರೆಯಬೇಕು. ನಿಮ್ಮ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರಬೇಕೆಂಬ ಏರ್ಪಾಡಿದೆ. ಅರ್ಜಿ ತುಂಬಿಸುವುದು ಅವರ ಕೆಲಸ. ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗುವ ದಿನ ತಾಯಿಯ ಜೊತೆ ಸಂಘದ ಒಬ್ಬಳು ಹೋಗಲಿ.

ಎರಡು, ಹಣ. ಮಾಸಾಶನದ ಅರ್ಜಿ ಯಾವ ದಿನ ಕೊಟ್ಟದ್ದು, ಸ್ವೀಕೃತಿ ಸಂಖ್ಯೆ ಏನು, ಹಣ ಯಾರ ಖಾತೆಗೆ ಬರುತ್ತಿದೆ, ಬಂದದ್ದು ಯಾರ ಕೈ ಸೇರುತ್ತಿದೆ ಎಂದು ಬರೆಯಿರಿ. ನಿರಾಮಯ ಎಂಬ ಆರೋಗ್ಯ ವಿಮೆಯೂ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ. ಗ್ರಾಮ ಪಂಚಾಯಿತಿ ತನ್ನ ಹಣದಲ್ಲಿ ಶೇಕಡ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಅದು ಎಲ್ಲಿ ಖರ್ಚಾಯಿತೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಮೂರು, ಕಲಿಕೆ. ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಇವರ ಹಕ್ಕು. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಏರ್ಪಾಡೂ ಇದೆ. ಶಿಕ್ಷಕರು ಬಂದ ದಿನ, ಬಾರದ ದಿನ ಎರಡನ್ನೂ ಬರೆಯಿರಿ. ಮಾತು ಬಾರದ ಮಗುವನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತೋರಿಸಿ. ಎಳೆಯದರಲ್ಲಿ ತೋರಿಸಿದಷ್ಟೂ ಒಳ್ಳೆಯದು.

ನಾಲ್ಕು, ಪೋಷಕತ್ವ ಮತ್ತು ಆಸ್ತಿ. ಹದಿನೆಂಟು ದಾಟಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ದೊಡ್ಡಮ್ಮನ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಇದು. ತಾಯಿ ಬದುಕಿರುವಾಗಲೇ ಇದನ್ನು ಮಾಡಿಸಿ. ಅಣ್ಣತಮ್ಮಂದಿರು ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಂಡ ಮೇಲೆ ಓಡಾಡಿದರೆ ದಾರಿ ಬಹಳ ದೂರ.

ಐದು, ಸುರಕ್ಷೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹೆಂಡತಿಗೆ ಮಾತ್ರವಲ್ಲ, ತವರಿನಲ್ಲಿ ಏಟು ತಿನ್ನುವ ಮಗಳಿಗೂ ತಂಗಿಗೂ ಅನ್ವಯಿಸುತ್ತದೆ. ನೊಂದವಳೇ ಬಂದು ಹೇಳಬೇಕೆಂದಿಲ್ಲ. ತಿಳಿದ ಯಾರಾದರೂ ರಕ್ಷಣಾಧಿಕಾರಿಗೆ, ಅಂದರೆ ನಮ್ಮಲ್ಲಿ ಸಿ.ಡಿ.ಪಿ.ಒ.ಗೆ, ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. 181ಕ್ಕೆ ಫೋನು ಮಾಡಬಹುದು. ಗಂಡನ ಮನೆಯವರ ಕ್ರೌರ್ಯಕ್ಕೆ ನಮಗೆಲ್ಲ ಪರಿಚಿತವಾಗಿದ್ದ 498(ಎ) ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ವರದಕ್ಷಿಣೆಯಾಗಿ ಹೋದದ್ದು ಕಾನೂನಿನಂತೆ ಅವಳದ್ದೇ, ಅದನ್ನು ಅವಳಿಗೆ ಒಪ್ಪಿಸಲೇಬೇಕು. ಲೈಂಗಿಕ ದೌರ್ಜನ್ಯದ ದೂರಾದರೆ ಇಂಥ ಹುಡುಗಿಯನ್ನು ಠಾಣೆಗೆ ಎಳೆಯುವಂತಿಲ್ಲ. ಪೊಲೀಸರೇ ಅವಳ ಮನೆಗೆ ಅಥವಾ ಅವಳು ಹೇಳಿದ ಜಾಗಕ್ಕೆ ಬಂದು, ವಿಶೇಷ ಶಿಕ್ಷಕರನ್ನೋ ಮಾತು ತಿಳಿಸುವವರನ್ನೋ ಜೊತೆಗಿಟ್ಟುಕೊಂಡು, ವಿಡಿಯೋ ಮಾಡಿ ಬರೆದುಕೊಳ್ಳಬೇಕು. ದಿನ, ಹೊತ್ತು ಹೇಳಲು ಬಾರದವಳ ಮಾತಿಗೂ ಬೆಲೆ ಇದೆ ಎಂದು ಕಾನೂನು ಒಪ್ಪಿಕೊಂಡಿದೆ.

ಇವೆಲ್ಲ ಕಾಗದದ ಕೆಲಸವಾಯಿತು. ಕಾಗದದಲ್ಲಿಲ್ಲದ ಒಂದು ಕೆಲಸವೂ ಇದೆ. ತಿಂಗಳಿಗೆ ಎರಡು ದಿನ ಆ ತಾಯಿಗೆ ಬಿಡುವು ಕೊಡುವುದು. ನಾಲ್ವರು ಸರದಿಯ ಮೇಲೆ ಅರ್ಧ ದಿನ ಮಗಳನ್ನು ತಮ್ಮ ಮನೆಗೆ ಕರೆದುಕೊಳ್ಳಿ. ಬತ್ತಿ ಹೊಸೆಯುವುದು, ಹುಣಸೆಹಣ್ಣು ಬಿಡಿಸುವುದು, ಕಡ್ಡಿ ಕಟ್ಟುವುದು, ಅವಳಿಗೆ ಆಗುವುದನ್ನು ಕೈಗೆ ಕೊಡಿ. ಮಾಡಿದ ಕೆಲಸಕ್ಕೆ ಕೂಲಿಯನ್ನೂ ಕೊಡಿ. ಇಂಥದ್ದು ಕನಸಿನ ಮಾತಲ್ಲ. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಿ ಮಾನಸಿಕ ಕಾಯಿಲೆಯವರನ್ನೂ ಬುದ್ಧಿ ಕುಂಠಿತರನ್ನೂ ಊರಿನವರು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಪದ್ಧತಿ ನೂರಾರು ವರ್ಷಗಳಿಂದ ನಡೆದು ಬಂದಿದೆ. ಆದರೆ ಆ ಮನೆಗಳ ಬೆನ್ನಿಗೆ ಆಸ್ಪತ್ರೆಯ ಸಿಬ್ಬಂದಿ ಇದ್ದಾರೆ, ಸರ್ಕಾರದ ಹಣವೂ ಇದೆ. ಕರುಣೆಯೊಂದೇ ಬಹಳ ದಿನ ಬಾಳದು ಎಂದು ಅವರಿಗೆ ಗೊತ್ತಿದೆ. ಸರ್ಕಾರದ ಕೆಲಸವನ್ನು ಹೆಂಗಸರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ನಾವೂ ಬಿಡಬಾರದು. ನಾವು ಪುಸ್ತಕ ಇಡುವುದು ಅವರನ್ನು ಪ್ರಶ್ನೆ ಕೇಳುವುದಕ್ಕೆ.

ಅಕ್ಕ ಈಗ ನಮ್ಮ ಮನೆಯಲ್ಲಿದ್ದಾಳೆ. ಮಾಸಾಶನ ಬರುತ್ತಿದೆ. ಓಲೆ ವಾಪಸು ಬರಲಿಲ್ಲ. ಕೆಳಗಿನ ಬೀದಿಯ ಇಬ್ಬರು ಹೆಂಗಸರು ಅವಳನ್ನು ಸರದಿಯಲ್ಲಿ ನೋಡಿಕೊಳ್ಳುತ್ತಾರೆ. ಆದ್ದರಿಂದಲೇ ಇವತ್ತು ನಾನು ಇಲ್ಲಿಗೆ ಬರಲು ಸಾಧ್ಯವಾಯಿತು.

ಮುಂದಿನ ವಾರ ಸಂಘದಲ್ಲಿ ಉಳಿತಾಯದ ಹಣ ಎಣಿಸಿದ ಮೇಲೆ ಏಳಬೇಡಿ. ನಮ್ಮ ಬೀದಿಯಲ್ಲಿ ಇಂಥ ಮಗಳು, ಇಂಥ ಮಗ ಯಾರ ಮನೆಯಲ್ಲಿದ್ದಾರೆ ಎಂದು ಒಬ್ಬರನ್ನೊಬ್ಬರು ಕೇಳಿ. ಆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಹಾಳೆ ಬರೆಯಿರಿ. ಆ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದ್ದರೆ, ಗದ್ದೆ ಮಾರುವುದಕ್ಕೆ ಮುಂಚೆ ಹೋಗಿ.