ಲಾವಕ್ಕಿ ಮರಿಯ ಗೂಡು

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಸಲಹು ಎಂಬುದೊಂದು, ಇನ್ನು ಬೇಡ ಎಂಬುದಿನ್ನೊಂದು. ಮನೆಗೆ ಮರಿಹಕ್ಕಿ ತಂದ ಮಕ್ಕಳು ಮೊದಲ ದಿನ ಮೊದಲನೆಯ ಅರ್ಥದಲ್ಲಿಯೂ, ಗೂಡು ನಾರತೊಡಗಿದ ಎಂಟನೆಯ ದಿನ ಎರಡನೆಯ ಅರ್ಥದಲ್ಲಿಯೂ ಈ ಮಾತನ್ನಾಡುವುದನ್ನು ಉಪಾಧ್ಯಾಯನಾದ ನಾನು ಎಷ್ಟೋ ಸಲ ಕೇಳಿದ್ದೇನೆ. ಈ ಎರಡರ ನಡುವೆ ಸಿಕ್ಕಿ ಸಾಯುವುದು ಮರಿ. ಆದ್ದರಿಂದ ಲಾವಕ್ಕಿ ಮರಿಗಳ ಗೂಡು ಹೇಗಿರಬೇಕು, ಅದನ್ನು ಚೊಕ್ಕಟವಾಗಿಡುವುದು ಹೇಗೆ ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹೊಲದ ಬದುವಿನಲ್ಲಿ, ಕುರುಚಲಿನ ಅಂಚಿನಲ್ಲಿ, ನಡೆಯುವವರ ಕಾಲಬುಡದಿಂದಲೇ ಬುರ್ರೆಂದು ಮೇಲೇಳುವ ಪುಟ್ಟ ಹಕ್ಕಿ ಲಾವಕ್ಕಿ. ಕಾವ್ಯಗಳ ಲಾವುಗೆ ಇದೇ. ಗೌಜಲಕ್ಕಿ ಇದಕ್ಕಿಂತ ದೊಡ್ಡದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವವರೂ ಉಂಟು. ಕಾಡಿನ ಲಾವಕ್ಕಿಯನ್ನು ಹಿಡಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಮನೆಯಲ್ಲಿ ಸಾಕುವುದು ಜಪಾನಿ ಲಾವಕ್ಕಿಯನ್ನು. ಅದು 1974ರಲ್ಲಿ ಅಮೆರಿಕದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಬಂದು, ಅಲ್ಲಿಂದ ದೇಶದಲ್ಲಿ ಹರಡಿತು. 17-18 ದಿನಗಳ ಕಾವಿನಲ್ಲಿ ಮೊಟ್ಟೆಯೊಡೆದು ಬರುವ ಮರಿಯ ತೂಕ ಏಳೆಂಟು ಗ್ರಾಂ ಮಾತ್ರ. ಮನುಷ್ಯನ ಕೈಯಲ್ಲಿ ಅನೇಕ ತಲೆಮಾರು ಬೆಳೆದ ಈ ಜಾತಿಯ ತಾಯಿ ಕಾವು ಕೂರುವುದನ್ನೇ ಬಹುಮಟ್ಟಿಗೆ ಮರೆತಿದೆ. ಹೀಗಾಗಿ ತಾಯಿಯ ರೆಕ್ಕೆ ಕೊಡಬೇಕಾದ ಬಿಸಿಯನ್ನು ನಾವೇ ಕೊಡಬೇಕು.

2 ಅಡಿ ಉದ್ದ, ಒಂದೂವರೆ ಅಡಿ ಅಗಲದ ಮರದ ಪೆಟ್ಟಿಗೆಯಲ್ಲಿ ಮೊದಲ ಎರಡು ವಾರ 20 ಮರಿಗಳಿರಬಹುದು. ಆಮೇಲೆ ಅದರಲ್ಲಿ 10 ಇದ್ದರೆ ಸಾಕು. ಮೇಲೆ ಕಾಲು ಅಂಗುಲದ ಕಣ್ಣಿನ ಜಾಲರಿ ಇರಲಿ. ಅದಕ್ಕಿಂತ ದೊಡ್ಡ ಕಣ್ಣಾದರೆ ಮರಿ ನುಸುಳಿ ಹೊರಗೆ ಬರುತ್ತದೆ, ಇಲಿ ಒಳಗೆ ಹೋಗುತ್ತದೆ. ಹೆದರಿದಾಗ ನೆಟ್ಟಗೆ ಮೇಲಕ್ಕೆ ಹಾರಿ ತಲೆ ಬಡಿದುಕೊಳ್ಳುವುದು ಈ ಹಕ್ಕಿಯ ಸ್ವಭಾವ. ಆದಕಾರಣ ಜಾಲರಿಯ ಒಳಮೈಗೆ, ದೀಪದಿಂದ ದೂರವಾಗಿ, ಮೆತ್ತನೆಯ ಬಟ್ಟೆ ಕಟ್ಟಬೇಕು. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ.

ಮೊದಲ ವಾರ 35ರಿಂದ 37 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬಂದರೆ ಮೂರು ನಾಲ್ಕು ವಾರಗಳಲ್ಲಿ ಗರಿ ತುಂಬುತ್ತದೆ. ಹಳೆಯ ಬಗೆಯ, ತಂತಿ ಕಾಯುವ ಬಲ್ಬನ್ನು ಪೆಟ್ಟಿಗೆಯ ಒಂದು ಮಗ್ಗುಲಲ್ಲಿ ತೂಗುಹಾಕಿ. ಈಗಿನ ಎಲ್‌ಇಡಿ ದೀಪದಿಂದ ಬೆಳಕೇ ಹೊರತು ಸಾಕಷ್ಟು ಬಿಸಿ ಬರುವುದಿಲ್ಲ. ಮರಿಗಳೇ ಉಷ್ಣಮಾಪಕ: ದೀಪದ ಕೆಳಗೆ ಒತ್ತೊತ್ತಾಗಿ ಸೇರಿದರೆ ಚಳಿ, ದೂರದ ಮೂಲೆಗೆ ಸರಿದು ಬಾಯ್ದೆರೆದರೆ ಸೆಕೆ, ಅಲ್ಲಲ್ಲಿ ಹರಡಿ ಮಲಗಿದರೆ ಸರಿ.

ಇನ್ನು ನೆಲದ ವಿಷಯ. ವರ್ತಮಾನಪತ್ರಿಕೆ ಹಾಸುವುದು ಸುಲಭ. ಆದರೆ ಅದರ ನುಣುಪಿನ ಮೇಲೆ ಜಾರಿ ಮರಿಯ ಕಾಲುಗಳು ಎರಡು ಕಡೆಗೆ ಸೀಳಿಕೊಳ್ಳುತ್ತವೆ. ಮೊದಲ ವಾರ ದಪ್ಪನಾದ, ಎಳೆ ಬಿಡದ ಹಳೆಯ ಬಟ್ಟೆ ಹಾಸಿ. ದಿನವೂ ಬೆಳಿಗ್ಗೆ ಅದನ್ನು ತೆಗೆದು, ಹಿಕ್ಕೆ ಕೊಡವಿ, ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ಎರಡನೆಯ ವಾರದಿಂದ ಗಿರಣಿಯ ಭತ್ತದ ಹೊಟ್ಟನ್ನು ಎರಡು ಅಂಗುಲ ದಪ್ಪ ಹರಡಬಹುದು. ಅದನ್ನು ದಿನವೂ ಕೈಯಾಡಿಸಿ, ಒದ್ದೆಯಾದ ಭಾಗವನ್ನು ಅಂದೇ ತೆಗೆದು, ವಾರಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಒಂದು ಹಿಡಿ ಹೊಟ್ಟನ್ನು ಹಿಸುಕಿ ನೋಡಿ: ಮುದ್ದೆಗಟ್ಟಿದರೆ ಕೆಟ್ಟಿತು, ಉದುರಿದರೆ ಸರಿ. ನೀರಿಗೆ ಆಳವಿಲ್ಲದ ತಟ್ಟೆಯಿಟ್ಟು, ಅದರಲ್ಲಿ ಬೆಣಚುಕಲ್ಲು ತುಂಬಿ. ಇಲ್ಲವಾದರೆ ಅಂಗುಲದಷ್ಟು ನೀರಿನಲ್ಲಿಯೂ ಮರಿ ಮುಳುಗಿ ಸಾಯುತ್ತದೆ.

ನಮ್ಮ ಆಯನೂರಿನ ಕಡೆ ಆಷಾಢ ಶ್ರಾವಣಗಳಲ್ಲಿ ಒಗೆದ ಬಟ್ಟೆ ಒಣಗುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ. ಮರಿಗೆ ಅತ್ಯಂತ ಅಪಾಯದ ಕಾಲ ಅದೇ. ಒದ್ದೆ ಹೊಟ್ಟಿನಲ್ಲಿ ಹಿಕ್ಕೆ ಕೊಳೆತು ಅಮೋನಿಯ ಹುಟ್ಟುತ್ತದೆ. ಕಣ್ಣು, ಶ್ವಾಸನಾಳಗಳನ್ನು ಸುಡುತ್ತದೆ. ಕರುಳಿನ ರಕ್ತಭೇದಿಗೆ ಕಾರಣವಾದ ಸೂಕ್ಷ್ಮಜೀವಿಗಳು ಹೆಚ್ಚುವುದೂ ಆ ತೇವದಲ್ಲಿಯೇ. ನಿಂತವರ ಮೂಗಿಗೆ ವಾಸನೆ ಬರಲಿಲ್ಲವೆಂದು ಸಮಾಧಾನಪಡಬೇಡಿ. ಬಗ್ಗಿ, ಮರಿಯ ತಲೆಯ ಮಟ್ಟದಲ್ಲಿ ಮೂಸಿ ನೋಡಿ. ಮಳೆಗಾಲಕ್ಕೆ ನಾಲ್ಕಾರು ಹಾಸುಬಟ್ಟೆಗಳಿರಲಿ. ಬಚ್ಚಲ ಒಲೆಯ ಹತ್ತಿರ ಹರಡಿದರೆ ಒಣಗುತ್ತವೆ. ಕರೆಂಟು ಹೋದಾಗ ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಡಿ.

ಕಾಲ್ಬೆರಳಿಗೆ ಹಿಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಕೀಳಬೇಡಿ, ಉಗುರು ಸಹಿತ ಬಂದೀತು. ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬಿಡಿಸಿ, ಒರಸಿ, ದೀಪದ ಬಳಿ ಬಿಡಿ. ಪೆಟ್ಟಿಗೆಯನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಮರಿಗಳನ್ನು ಬಿಡಬೇಕು. ಫಿನಾಯಿಲಿನ ಘಾಟು ಅವಕ್ಕಾಗದು. ಒಣ ಹಿಕ್ಕೆಯ ಧೂಳೆಬ್ಬಿಸಿ ಗುಡಿಸುವುದು ನಮಗೂ ಒಳ್ಳೆಯದಲ್ಲ. ಮರಿಗಳನ್ನು ಬೇರೆಡೆಗಿಟ್ಟು, ಸ್ವಲ್ಪ ನೀರು ಚಿಮುಕಿಸಿ ಬಳಿಯಿರಿ. ಬಳಿದದ್ದನ್ನು ದರಕಿನೊಡನೆ ಗುಂಡಿಗೆ ಹಾಕಿ, ಕಳಿತ ಮೇಲೆ ಗಿಡಗಳಿಗೆ ಹಾಕಿದರೆ ಒಳ್ಳೆಯ ಗೊಬ್ಬರ. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಕೆಲಸ ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆಯುವುದು ಕಡ್ಡಾಯ. ನಾಲ್ಕೈದು ಮರಿಗಳು ಒಟ್ಟಿಗೆ ಸತ್ತರೆ ಗುಟ್ಟುಮಾಡದೆ ಪಶುವೈದ್ಯರಿಗೆ ತಿಳಿಸಿ.

ವಾತ್ಸ್ಯಾಯನನು ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ ಟಗರು, ಹುಂಜ, ಲಾವುಗೆಗಳನ್ನು ಕಾದಾಡಿಸುವುದೂ ಒಂದು. ಅವುಗಳ ಗೂಡನ್ನು ಗುಡಿಸುವುದು ಕಲೆಯೆಂದು ಆತ ಎಣಿಸಲಿಲ್ಲ. ಆ ಕೆಲಸ ಆಳಿನದಾಗಿದ್ದಿರಬೇಕು. ಆದರೆ ಹಕ್ಕಿಯ ಕಡೆಯಿಂದ ಯೋಚಿಸಿ. ಬಯಲಿನ ಲಾವಕ್ಕಿಗೆ ಪೊರಕೆ ಬೇಡ: ಹಿಕ್ಕೆ ಹಾಕಿದ ಜಾಗವನ್ನು ಬಿಟ್ಟು ಮುಂದೆ ನಡೆಯುತ್ತದೆ, ಉಳಿದದ್ದನ್ನು ಬಿಸಿಲು, ಮಳೆ, ಮಣ್ಣು ನೋಡಿಕೊಳ್ಳುತ್ತವೆ. ತನ್ನ ಹೊಲಸಿನಿಂದ ದೂರ ನಡೆದುಹೋಗುವ ಆ ಸ್ವಾತಂತ್ರ್ಯವನ್ನು ಪೆಟ್ಟಿಗೆಯ ನಾಲ್ಕು ಗೋಡೆಗಳು ಕಸಿದುಕೊಂಡಿವೆ. ಕಸಿದವರು ನಾವು. ಆದ್ದರಿಂದ ಗುಡಿಸುವುದು ನಾವು ಹಕ್ಕಿಗೆ ಮಾಡುವ ಉಪಕಾರವಲ್ಲ, ತೀರಿಸಬೇಕಾದ ಸಾಲ.

ತಂದೆತಾಯಿಗಳಿಗೆ ನನ್ನದೊಂದು ಸಲಹೆ. ಮಗು ಮರಿ ಬೇಕೆಂದು ಹಟ ಹಿಡಿದರೆ, ಮೊದಲು ಖಾಲಿ ಪೆಟ್ಟಿಗೆಯನ್ನು ತಂದುಕೊಡಿ. ಹದಿನೈದು ದಿನ ಬೆಳಿಗ್ಗೆ ಎದ್ದು ಅದರ ಹಾಸು ತೆಗೆದು, ಒಗೆದು, ಒಣಗಿಸಿ ಹಾಸಲಿ. ಬೇಸರಿಸದೆ ಮಾಡಿದರೆ ಮರಿ ತನ್ನಿ. ಬೇಸರಿಸಿದರೆ ಪೆಟ್ಟಿಗೆ ಪುಸ್ತಕಗಳಿಗಾಗುತ್ತದೆ. ಒಂದು ಜೀವವೂ ಉಳಿಯುತ್ತದೆ.