ಹೋದ ಪ್ರಶ್ನೆಗೆ ಬರುವ ದಾರಿಯೂ ಬೇಕು
(ಕೆರೂರಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆಸಾಲಕ್ಕೆ ಉತಾರ ತರಲು ಹೋದಾಗ "ಇಂದು ಸಂಪರ್ಕವಿಲ್ಲ, ನಾಳೆ ಬರ್ರಿ" ಎಂಬ ಮಾತನ್ನು ತಾವೆಲ್ಲ ಕೇಳಿದ್ದೀರಿ. ಆ ಸಂಪರ್ಕವೆಂದರೇನು ಎಂಬುದನ್ನು ತಿಳಿದರೆ ಕೆಲವು ನಷ್ಟಗಳನ್ನು ತಪ್ಪಿಸಬಹುದು.

2006ರಲ್ಲಿ ನಮ್ಮ ರಾಜ್ಯದ ಹೋಬಳಿಗಳಲ್ಲಿ ಆರಂಭವಾದ ನೆಮ್ಮದಿ ಕೇಂದ್ರಗಳಲ್ಲಿ ಉಪಗ್ರಹದ ಸಂಪರ್ಕ ಬಳಸಿದ್ದರು. ತಂತಿ ಮುಟ್ಟದ ದೂರದ ಪಂಚಾಯತಿಗಳಿಗೆ ಭಾರತ್‌ನೆಟ್ ಯೋಜನೆಯೂ ಉಪಗ್ರಹವನ್ನು ಬಳಸುತ್ತದೆ.

ತಮ್ಮ ಸರ್ವೆ ನಂಬರು ಕಂಪ್ಯೂಟರಿನಿಂದ ಸಣ್ಣ ಕಟ್ಟುಗಳಾಗಿ ಹೊರಡುತ್ತದೆ. ಟಪಾಲಿನ ಹಾಗೆ ಪ್ರತಿ ಕಟ್ಟಿನ ಮೇಲೂ ಕಳಿಸಿದವರ ಮತ್ತು ಮುಟ್ಟಬೇಕಾದವರ ವಿಳಾಸವಿರುತ್ತದೆ. ಇದೇ ಐ.ಪಿ. ವಿಳಾಸ. ರೂಟರ್ ಎಂಬ ಪೆಟ್ಟಿಗೆಯು ವಿಳಾಸ ಓದಿ, ತನ್ನ ದಾರಿಪಟ್ಟಿಯನ್ನು ನೋಡಿ, ಕಟ್ಟನ್ನು ಮುಂದಕ್ಕೆ ಕಳಿಸುತ್ತದೆ. ಮೋಡೆಮ್ ಅದನ್ನು ರೇಡಿಯೋ ಅಲೆಯಾಗಿ ಮಾರ್ಪಡಿಸುತ್ತದೆ. ಡಿಶ್ ಮೇಲಕ್ಕೆ ಬಿಡುತ್ತದೆ. ಉಪಗ್ರಹವು ಸಾಮಾನ್ಯವಾಗಿ ವಿಳಾಸ ಓದುವುದಿಲ್ಲ. ಬಂದ ಅಲೆಗೆ ಬಲ ತುಂಬಿ ನೆಲದ ದೊಡ್ಡ ಕೇಂದ್ರಕ್ಕೆ ಇಳಿಸುತ್ತದೆ, ಅಷ್ಟೇ. ಅಲ್ಲಿ ಮತ್ತೊಂದು ರೂಟರ್ ದಾರಿ ನೋಡುತ್ತದೆ.

ಆ ಕಡೆಯ ಪಟ್ಟಿಯಲ್ಲಿ ನಮ್ಮ ಊರಿನ ದಾರಿಯೂ ಬರೆದಿರಬೇಕು. ಇಲ್ಲದಿದ್ದರೆ ಪ್ರಶ್ನೆ ಮುಟ್ಟಿದರೂ ಉತ್ತರ ಬಾರದು. ಹೊಲಕ್ಕೆ ಹೋದ ಚಕ್ಕಡಿಗೆ ಮನೆಗೆ ಮರಳುವ ದಾರಿಯೂ ಬೇಕಲ್ಲವೇ?

ಒಂದೇ ಕಡೆ ನಿಂತಂತೆ ಕಾಣುವ ಈ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಇಂಥವನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರವು 1982ರಿಂದ ನಮ್ಮ ಹಾಸನದಲ್ಲಿದೆ. ಅಲೆಯು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡಿದರೂ, ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡು ಬೇಕು. ಒಂದು ಅರ್ಜಿಗೆ ಇಂಥ ಹಲವು ಪ್ರಶ್ನೋತ್ತರಗಳು ನಡೆಯುವುದರಿಂದ ತಡವಾಗುತ್ತದೆ. ಜೋರು ಮಳೆಯಲ್ಲಿ ಹನಿಗಳು ಅಲೆಯನ್ನು ಕುಗ್ಗಿಸುತ್ತವೆ.

ಇದನ್ನರಿಯದೆ ನಾನೇ ಒಮ್ಮೆ ತಪ್ಪು ಮಾಡಿದೆ. ಒಂದು ಕೇಂದ್ರದಲ್ಲಿ ಉತ್ತರ ಬಾರದಿದ್ದಾಗ, "ಮತ್ತೊಮ್ಮೆ ಹಣ ಕಟ್ಟಿರಿ" ಎಂದು ರೈತರೊಬ್ಬರಿಗೆ ಹೇಳಿದೆ. ಹಣ ಎರಡು ಸಲ ಹೋಯಿತು. ಮೊದಲ ಪ್ರಶ್ನೆ ಮುಟ್ಟಿತ್ತು, ಉತ್ತರವಷ್ಟೇ ಮರಳಿರಲಿಲ್ಲ. ಅವರು ಬೀಜಕ್ಕೆಂದು ಇಟ್ಟಿದ್ದ ಹಣವದು.

ಆದುದರಿಂದ ಉತ್ತರ ತಡವಾದರೆ ಮತ್ತೆ ಹಣ ಕಟ್ಟಬೇಡಿರಿ. ಮೊದಲು ಖಾತೆ ನೋಡಿರಿ, ಅರ್ಜಿಯ ನಂಬರು ಬರೆದುಕೊಳ್ಳಿರಿ. ಕಡೆಯ ದಿನದವರೆಗೆ ಕಾಯದೆ ಒಂದು ವಾರ ಮುಂಚೆಯೇ ಹೋಗಿರಿ. ತಂತಿ ಕೆಟ್ಟರೆ ಬೇರೆ ದಾರಿ ಉಂಟೇ ಎಂದು ಗ್ರಾಮಸಭೆಯಲ್ಲಿ ಕೇಳಿರಿ. ಹಳ್ಳ ಬಂದಾಗ ಸುತ್ತಿನ ದಾರಿ ಹುಡುಕುವ ನಮಗೆ ಇದು ಹೊಸ ಮಾತಲ್ಲ.